ಉಪ್ಪಿನಕಾಯಿ ಅಂಗಡಿಗೆ ಯಾವ ಸಾಫ್ಟ್‌ವೇರ್?

ಚಿಕ್ಕದೊಂದು ಆನ್‌ಲೈನ್ ಅಂಗಡಿ ತೆರೆಯಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಥೀಮ್ ಅನ್ನು. ಬಣ್ಣ ಹೇಗಿದೆ, ಬ್ಯಾನರ್ ಹೇಗೆ ಸರಿಯುತ್ತದೆ, ಫೋಟೊಗಳು ಎಷ್ಟು ದೊಡ್ಡದಾಗಿ ಕಾಣುತ್ತವೆ. ಇವೆಲ್ಲ ಯಾವ ಸಾಫ್ಟ್‌ವೇರ್‌ನಲ್ಲಾದರೂ ಒಂದು ಮಟ್ಟಕ್ಕೆ ಚೆನ್ನಾಗಿಯೇ ಸಿಗುತ್ತವೆ. ಕಷ್ಟ ಶುರುವಾಗುವುದು ಗ್ರಾಹಕರು ಹಣ ಕಟ್ಟಿದ ಮೇಲೆ. ತೆರಿಗೆ ಸರಿಯಾಗಿ ಬಿತ್ತೇ, ಬಿಲ್ಲಿನ ಸಂಖ್ಯೆ ಕ್ರಮವಾಗಿದೆಯೇ, ಕೊರಿಯರ್‌ಗೆ ಎಷ್ಟು ಕೊಡಬೇಕಾಯಿತು, ಹಣ ಬಂದರೂ ಆರ್ಡರ್ ‘ಬಾಕಿ’ ಅಂತಲೇ ಯಾಕೆ ಕೂತಿದೆ. ಆದ್ದರಿಂದ ನಾನು ಹೇಳುವುದು ಒಂದೇ: ಆಯ್ಕೆಯನ್ನು ಹಿಂದಿನಿಂದ ಮುಂದಕ್ಕೆ ಮಾಡಿ. ಪೊಟ್ಟಣ ಗ್ರಾಹಕರ ಮನೆ ಸೇರುವ ಕೊನೆಯ ಹಂತದಿಂದ ಶುರುಮಾಡಿ, ಅಂಗಡಿಯ ಮುಖದ ವಿಚಾರಕ್ಕೆ ಆಮೇಲೆ ಬನ್ನಿ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಮನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಜೇನುತುಪ್ಪ ಮಾರುತ್ತಾರೆ. ಎಲ್ಲ ಸೇರಿ 45 ಐಟಂ. ದಿನಕ್ಕೆ ಮೂರ್ನಾಲ್ಕು, ತಿಂಗಳಿಗೆ ಸುಮಾರು 100 ಆರ್ಡರ್. ಒಂದೊಂದು ಆರ್ಡರ್ ಸರಾಸರಿ 600 ರೂಪಾಯಿ ಅಂದರೆ ತಿಂಗಳ ವ್ಯಾಪಾರ 60,000.

ಇದಕ್ಕಿಂತ ಚಿಕ್ಕದಿದ್ದರೆ, ಅಂದರೆ ಹತ್ತು ಹದಿನೈದು ಐಟಂ ಮತ್ತು ವಾರಕ್ಕೆ ಏಳೆಂಟು ಆರ್ಡರ್ ಇದ್ದರೆ, ಸಾಫ್ಟ್‌ವೇರ್ ಈಗಲೇ ಬೇಡ. ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಹಾಕಬಹುದು. ಪೇಮೆಂಟ್ ಗೇಟ್‌ವೇಯಿಂದ (ಆನ್‌ಲೈನ್‌ನಲ್ಲಿ ಗ್ರಾಹಕರ ಹಣ ಪಡೆದು ನಿಮ್ಮ ಖಾತೆಗೆ ಹಾಕುವ ಸೇವೆ) ಪೇಮೆಂಟ್ ಲಿಂಕ್ ಕಳಿಸಿ, ಲೆಕ್ಕವನ್ನು ಗೂಗಲ್ ಶೀಟ್‌ನಲ್ಲಿ ಬರೆದಿಟ್ಟರೆ ಸಾಕು. ‘ವಿಳಾಸ ಕಳಿಸಿ, ಹಣ ಬಂತಾ, ಕೊರಿಯರ್ ಆಯ್ತಾ’ ಎಂಬ ಮೆಸೇಜಿಗೆ ಉತ್ತರಿಸುವುದರಲ್ಲೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗತೊಡಗಿದಾಗ ಅಂಗಡಿ ಕಟ್ಟಿ.

ಹಣದ ಲೆಕ್ಕ

ಆಯ್ಕೆ ಮುಖ್ಯವಾಗಿ ಎರಡು ಬಗೆ. ಒಂದು, ಬಾಡಿಗೆ ಅಂಗಡಿ: ಶಾಪಿಫೈ, ಜೋಹೊ ಕಾಮರ್ಸ್, ನಮ್ಮ ಬೆಂಗಳೂರಿನವೇ ಆದ ಇನ್‌ಸ್ಟಾಮೋಜೊ, ದುಕಾನ್ ಮೊದಲಾದವು. ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಿದರೆ ಸರ್ವರ್, ಅಪ್‌ಡೇಟ್, ಭದ್ರತೆ ಎಲ್ಲ ಅವರ ಹೊಣೆ. ಇನ್ನೊಂದು, ಸ್ವಂತ ಅಂಗಡಿ: ವರ್ಡ್‌ಪ್ರೆಸ್ ಮೇಲೆ ಕೂರುವ ವೂಕಾಮರ್ಸ್, ಇಲ್ಲವೇ ಓಪನ್‌ಕಾರ್ಟ್, ಪ್ರೆಸ್ಟಾಶಾಪ್. ಇವು ಉಚಿತ, ಮುಕ್ತ ತಂತ್ರಾಂಶಗಳು. ಹೋಸ್ಟಿಂಗ್ (ಅಂಗಡಿ ಕೂರುವ ಸರ್ವರ್‌ನ ಜಾಗ) ಮಾತ್ರ ನೀವೇ ಕೊಳ್ಳಬೇಕು, ಹೊಣೆಯೂ ನಿಮ್ಮದೇ.

ಪೇಮೆಂಟ್ ಗೇಟ್‌ವೇ ಖರ್ಚು ಎರಡಕ್ಕೂ ಇದ್ದದ್ದೇ. ಭಾರತದ ಗೇಟ್‌ವೇಗಳ ಸಾಮಾನ್ಯ ದರ ಶೇ 2, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ ಶೇ 2.36. ನಮ್ಮ 60,000ಕ್ಕೆ 1,416 ರೂಪಾಯಿ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್‌ಗೆ 2020ರ ಜನವರಿಯಿಂದ ಎಂಡಿಆರ್ (ವ್ಯಾಪಾರಿಯಿಂದ ಹಿಡಿಯುವ ಪಾವತಿ ಶುಲ್ಕ) ಸೊನ್ನೆಯೇನೋ ಹೌದು. ಆದರೆ ಗೇಟ್‌ವೇ ಕಂಪನಿ ತನ್ನ ಸೇವೆಯ ಶುಲ್ಕವನ್ನು ಬೇರೆಯಾಗಿ ಹಾಕಬಹುದು. ಖಾತೆ ತೆರೆಯುವ ಮುಂಚೆ ‘ಯುಪಿಐಗೆ ಎಷ್ಟು ಹಿಡಿಯುತ್ತೀರಿ’ ಎಂದು ಬರಹದಲ್ಲಿ ಕೇಳಿಕೊಳ್ಳಿ. ಇಂಥ ಅಂಗಡಿಯ ಬಹುಪಾಲು ಹಣ ಬರುವುದು ಅದರಲ್ಲೇ.

ಶಾಪಿಫೈಯಲ್ಲಿ ಇನ್ನೊಂದು ಖರ್ಚಿದೆ, ಅದು ಹಲವರ ಗಮನಕ್ಕೆ ಬರುವುದಿಲ್ಲ. ಅವರದೇ ಆದ ‘ಶಾಪಿಫೈ ಪೇಮೆಂಟ್ಸ್’ ಭಾರತದಲ್ಲಿ ಇಲ್ಲ. ಹೊರಗಿನ ಗೇಟ್‌ವೇಯನ್ನೇ ಜೋಡಿಸಬೇಕು, ಹಾಗೆ ಜೋಡಿಸಿದಾಗ ಬೇಸಿಕ್ ಯೋಜನೆಯಲ್ಲಿ ಪ್ರತಿ ಮಾರಾಟದ ಶೇ 2ನ್ನು ಶಾಪಿಫೈ ಬೇರೆಯಾಗಿ ತೆಗೆದುಕೊಳ್ಳುತ್ತದೆ. ಇದು ಗೇಟ್‌ವೇಯ ಶೇ 2ರ ಜೊತೆಗೆ, ಅದರ ಬದಲಿಗೆ ಅಲ್ಲ. 60,000 ವ್ಯಾಪಾರಕ್ಕೆ ತಿಂಗಳಿಗೆ 1,200, ವ್ಯಾಪಾರ 3 ಲಕ್ಷಕ್ಕೆ ಏರಿದರೆ 6,000. ಯೋಜನೆಯ ಬಾಡಿಗೆ ಇದರಾಚೆ. ಕ್ಯಾಶ್ ಆನ್ ಡೆಲಿವರಿಗೆ ಈ ಶುಲ್ಕ ಇಲ್ಲ.

ವೂಕಾಮರ್ಸ್‌ನಲ್ಲಿ ಹಾಗೆ ಕಡಿತ ಇಲ್ಲ. ಅಲ್ಲಿ ಹೋಗುವುದು ಸಮಯ. ವರ್ಡ್‌ಪ್ರೆಸ್, ವೂಕಾಮರ್ಸ್, ಥೀಮ್, ಗೇಟ್‌ವೇ ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕಾಗಿ ಸೇರಿಸುವ ತಂತ್ರಾಂಶದ ತುಣುಕು), ಕೊರಿಯರ್ ಪ್ಲಗಿನ್ ಎಲ್ಲಕ್ಕೂ ಅಪ್‌ಡೇಟ್ ಬರುತ್ತಲೇ ಇರುತ್ತದೆ. ಸರಿಯಾಗಿ ಮಾಡಿದರೆ ತಿಂಗಳಿಗೆ ಎರಡು ಮೂರು ಗಂಟೆಯ ಕೆಲಸ. ಮನೆಯಲ್ಲಿ ಅದನ್ನು ಮಾಡುವ ಒಬ್ಬರು ಇದ್ದಾರೆಯೇ? ನನ್ನ ಪ್ರಕಾರ ಇಡೀ ಆಯ್ಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಇದ್ದರೆ ಕಣ್ಣುಮುಚ್ಚಿ ವೂಕಾಮರ್ಸ್. ಇಲ್ಲದಿದ್ದರೆ, ವ್ಯಾಪಾರ ತಿಂಗಳಿಗೆ ಒಂದು ಲಕ್ಷ ದಾಟುವವರೆಗೆ ಬಾಡಿಗೆ ಅಂಗಡಿಯೇ ಲೇಸು. ದಾಟಿದ ಮೇಲೆ ಆ ಶೇ 2ರ ಹಣದಲ್ಲೇ ಒಬ್ಬರಿಗೆ ನಿರ್ವಹಣೆಯ ಕೆಲಸ ಒಪ್ಪಿಸಬಹುದು. ‘ಮಾಡಿಕೊಟ್ಟು ಹೋಗುತ್ತೇನೆ, ಆಮೇಲೆ ಏನೂ ನೋಡುವ ಅಗತ್ಯವಿಲ್ಲ’ ಎಂದು ಯಾರಾದರೂ ವೂಕಾಮರ್ಸ್ ಅಂಗಡಿ ಕಟ್ಟಿಕೊಡಲು ಬಂದರೆ ಒಪ್ಪಬೇಡಿ. ಆರು ತಿಂಗಳು ಯಾರೂ ಮುಟ್ಟದ ವೂಕಾಮರ್ಸ್ ಅಂಗಡಿ ಬೀಗ ಹಾಕದ ಅಂಗಡಿ ಇದ್ದ ಹಾಗೆ.

ತೆರಿಗೆ

ನಮ್ಮ ಉದಾಹರಣೆಯ ಅಂಗಡಿಯಲ್ಲೇ ನೋಡಿ. ಹಪ್ಪಳಕ್ಕೆ ತೆರಿಗೆ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ, ಜೇನುತುಪ್ಪಕ್ಕೆ ಶೇ 5. ಉಪ್ಪಿನಕಾಯಿಗೆ 2025ರ ಸೆಪ್ಟೆಂಬರ್ 21ರವರೆಗೆ ಶೇ 12 ಇತ್ತು, 22ರಿಂದ ಶೇ 5 ಆಯಿತು. ಆ ಒಂದು ರಾತ್ರಿಯಲ್ಲಿ ಶೇ 12 ಮತ್ತು ಶೇ 28ರ ಹಂತಗಳು ಬಹುತೇಕ ಹೋದವು. ಪ್ರತಿ ಐಟಂನ ಒಳಗೆ ಹೋಗಿ ದರ ತಿದ್ದಬೇಕಾದ ಸಾಫ್ಟ್‌ವೇರ್ ಇದ್ದವರಿಗೆ ಅದು ಇಡೀ ದಿನದ ಕೆಲಸ. ಐಟಂಗೆ ‘ತೆರಿಗೆ ವರ್ಗ’ ಮಾತ್ರ ಅಂಟಿಸಿ, ದರವನ್ನು ಒಂದೇ ಕೋಷ್ಟಕದಲ್ಲಿ ಇಟ್ಟವರಿಗೆ ಐದು ನಿಮಿಷ. ಸಾಫ್ಟ್‌ವೇರ್ ನೋಡುವಾಗ ಕೇಳಬೇಕಾದ್ದು ಇದನ್ನೇ: ದರ ಬದಲಾದರೆ ಎಷ್ಟು ಕಡೆ ತಿದ್ದಬೇಕು?

ವೂಕಾಮರ್ಸ್‌ನಲ್ಲಿ ತೆರಿಗೆ ವರ್ಗಗಳು ಹುಟ್ಟಿನಿಂದಲೇ ಇವೆ. ಶೇ 5ರ ವರ್ಗದ ಕೋಷ್ಟಕಕ್ಕೆ ಮೂರು ಸಾಲು ಬೇಕು. ಕರ್ನಾಟಕಕ್ಕೆ ಸಿಜಿಎಸ್‌ಟಿ (ಕೇಂದ್ರದ ಪಾಲು) 2.5, ಆದ್ಯತೆ 1. ಕರ್ನಾಟಕಕ್ಕೆ ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 2.5, ಆದ್ಯತೆ 2. ರಾಜ್ಯದ ಜಾಗದಲ್ಲಿ ನಕ್ಷತ್ರ ಚಿಹ್ನೆ ಇಟ್ಟು, ಇಡೀ ಭಾರತಕ್ಕೆ ಐಜಿಎಸ್‌ಟಿ (ಹೊರ ರಾಜ್ಯದ ಮಾರಾಟಕ್ಕೆ ಬೀಳುವ ತೆರಿಗೆ) 5, ಆದ್ಯತೆ 1. ಒಂದು ಆದ್ಯತೆಗೆ ಒಂದೇ ದರ ಹೊಂದುತ್ತದೆ ಎಂಬುದು ಅದರ ನಿಯಮ. ಆದ್ದರಿಂದ ಶಿವಮೊಗ್ಗದ ಗ್ರಾಹಕರಿಗೆ ಮೊದಲ ಎರಡು ಸಾಲು ಬೀಳುತ್ತವೆ, ಪುಣೆಯವರಿಗೆ ಮೂರನೆಯದು ಮಾತ್ರ. ಐಜಿಎಸ್‌ಟಿಗೆ ಆದ್ಯತೆ 3 ಎಂದು ಹಾಕಿದಿರೋ, ಶಿವಮೊಗ್ಗದವರಿಗೆ ಮೂರೂ ಸೇರಿ ಶೇ 10 ಬೀಳುತ್ತದೆ. ‘ಕಾಂಪೌಂಡ್’ ಎಂಬ ಚೌಕವನ್ನು ಗುರುತು ಮಾಡಬೇಡಿ. ಮಾಡಿದರೆ ತೆರಿಗೆಯ ಮೇಲೆ ತೆರಿಗೆ ಲೆಕ್ಕವಾಗಿ 5ರ ಬದಲು 5.0625 ಆಗುತ್ತದೆ. ಬಿಲ್ಲಿನಲ್ಲಿ ಪೈಸೆ ಹೊಂದುತ್ತಿಲ್ಲ ಎಂದು ಲೆಕ್ಕಪತ್ರದವರು ದೂರಿದರೆ ಮೊದಲು ಆ ಚೌಕ ನೋಡಿ. ಬೆಲೆಗಳನ್ನು ‘ತೆರಿಗೆ ಸೇರಿ’ ಎಂದೇ ನಮೂದಿಸಿ. ನಮ್ಮಲ್ಲಿ ಎಂಆರ್‌ಪಿ ಅಂದರೆ ತೆರಿಗೆ ಸೇರಿದ ಬೆಲೆ, ಚೆಕೌಟ್‌ನಲ್ಲಿ (ವಿಳಾಸ ಕೊಟ್ಟು ಹಣ ಕಟ್ಟುವ ಪುಟ) ಮೊತ್ತ ಏರಿದರೆ ಗ್ರಾಹಕರು ಅಲ್ಲಿಂದಲೇ ಹಿಂದಿರುಗುತ್ತಾರೆ.

ಶಾಪಿಫೈಯಲ್ಲಿ ಬೇರೆ ಬೇರೆ ದರ ಬೇಕಾದರೆ ಆ ವಸ್ತುಗಳನ್ನು ಒಂದು ಕಲೆಕ್ಷನ್‌ಗೆ (ವಸ್ತುಗಳ ಗುಂಪು) ಸೇರಿಸಿ, ಕಲೆಕ್ಷನ್‌ಗೆ ತೆರಿಗೆಯ ಓವರ್‌ರೈಡ್ (ಸಾಮಾನ್ಯ ದರದ ಬದಲಿಗೆ ಬೇರೆ ದರ) ಹಾಕಬೇಕು. ಕೆಲಸ ಆಗುತ್ತದೆ. ಆದರೆ ಹೊಸ ಐಟಂ ಸೇರಿಸುವಾಗ ಕಲೆಕ್ಷನ್‌ಗೆ ಹಾಕಲು ಮರೆತರೆ ತಪ್ಪು ದರ ಬಿದ್ದು, ತಿಂಗಳ ಕೊನೆಯವರೆಗೂ ಯಾರಿಗೂ ತಿಳಿಯುವುದಿಲ್ಲ.

ಬಿಲ್ಲಿನ ಸಂಖ್ಯೆಯದು ಇನ್ನೊಂದು ವಿಷಯ. ಜಿಎಸ್‌ಟಿ ಬಿಲ್ಲಿಗೆ ಆರ್ಥಿಕ ವರ್ಷದೊಳಗೆ ಕ್ರಮವಾಗಿ ಸಾಗುವ, 16 ಅಕ್ಷರ ಮೀರದ ಸಂಖ್ಯೆ ಬೇಕು. ವೂಕಾಮರ್ಸ್‌ನ ಆರ್ಡರ್ ಸಂಖ್ಯೆ ಹಾಗಿರುವುದಿಲ್ಲ. 1042 ಆದ ಮೇಲೆ 1051 ಬರಬಹುದು, ಏಕೆಂದರೆ ಪುಟ, ಚಿತ್ರ, ಐಟಂ ಎಲ್ಲವೂ ಅದೇ ಸಾಲಿನಿಂದ ಸಂಖ್ಯೆ ಪಡೆಯುತ್ತವೆ. ಆರ್ಡರ್ ಸಂಖ್ಯೆಯನ್ನೇ ಬಿಲ್ಲಿಗೆ ಬಳಸಬೇಡಿ. ಇನ್‌ವಾಯ್ಸ್ ಪ್ಲಗಿನ್‌ನಲ್ಲಿ ಬೇರೆ ಸರಣಿ ಇಟ್ಟು, ಪ್ರತಿ ಏಪ್ರಿಲ್ 1ಕ್ಕೆ ಹೊಸದಾಗಿ ಶುರುವಾಗುವಂತೆ ಮಾಡಿ. ಐಟಂಗೆ ಎಚ್‌ಎಸ್‌ಎನ್ ಸಂಕೇತ (ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆ) ಸೇರಿಸುವ ಜಾಗವೂ ಇರಬೇಕು: ಉಪ್ಪಿನಕಾಯಿಗೆ 2001, ಹಪ್ಪಳಕ್ಕೆ 1905, ಬೆಲ್ಲಕ್ಕೆ 1701.

‘ನಮ್ಮ ವ್ಯಾಪಾರ 40 ಲಕ್ಷಕ್ಕಿಂತ ಕಡಿಮೆ, ಜಿಎಸ್‌ಟಿ ಬೇಡ’ ಎಂದುಕೊಂಡೇ ಹಲವರು ಶುರುಮಾಡುತ್ತಾರೆ. ಕರ್ನಾಟಕದೊಳಗೆ ಸರಕು ಮಾರುವವರೆಗೆ ಅದು ಸರಿ. ಹೊರ ರಾಜ್ಯಕ್ಕೆ ಸರಕು ಮಾರುವವರಿಗೆ ಆ ಮಿತಿ ಅನ್ವಯಿಸುವುದಿಲ್ಲ, ಮುಂಬೈಗೆ ಹೋಗುವ ಮೊದಲ ಬಾಟಲಿಗೇ ನೋಂದಣಿ ಬೇಕು. ಕೈಮಗ್ಗ, ಗೊಂಬೆಯಂಥ ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿ ಇದೆ, ಉಪ್ಪಿನಕಾಯಿಗೆ ಇಲ್ಲ. ನೋಂದಣಿ ಆಗುವವರೆಗೆ ಸಾಫ್ಟ್‌ವೇರ್‌ನಲ್ಲಿ ಮಾರಾಟದ ಪ್ರದೇಶವನ್ನು ಕರ್ನಾಟಕಕ್ಕೆ ಸೀಮಿತಗೊಳಿಸಿ. ವೂಕಾಮರ್ಸ್‌ನಲ್ಲಿ ಕರ್ನಾಟಕದ ಶಿಪ್ಪಿಂಗ್ ವಲಯ ಮಾತ್ರ ತೆರೆದು, ಉಳಿದ ಪ್ರದೇಶಗಳ ವಲಯಕ್ಕೆ ಯಾವ ವಿಧಾನವನ್ನೂ ಸೇರಿಸದಿದ್ದರೆ ಹೊರಗಿನ ಆರ್ಡರ್ ಮುಂದೆ ಹೋಗುವುದಿಲ್ಲ.

ಕೊರಿಯರ್

ಲಾಭ ಸೋರುವುದು ಇಲ್ಲಿ. 500 ಗ್ರಾಂ ಉಪ್ಪಿನಕಾಯಿ, ಗಾಜಿನ ಬಾಟಲಿ 300 ಗ್ರಾಂ, ಬಬಲ್ ಹಾಳೆ ಮತ್ತು ಪೆಟ್ಟಿಗೆ 150 ಗ್ರಾಂ ಅಂದರೆ 950 ಗ್ರಾಂ. ಕೊರಿಯರ್‌ನವರು ಸಾಮಾನ್ಯವಾಗಿ 500 ಗ್ರಾಂ ಹಂತಗಳಲ್ಲಿ ಲೆಕ್ಕ ಹಾಕುತ್ತಾರೆ, ಇದು 1 ಕೆ.ಜಿ. ಹಂತಕ್ಕೆ ಬಂತು. ಐಟಂನ ತೂಕದ ಜಾಗದಲ್ಲಿ 0.5 ಎಂದು ಬರೆದರೆ ಪ್ರತಿ ಪೊಟ್ಟಣಕ್ಕೂ ಒಂದು ಹಂತದ ಹಣ ಕೈಯಿಂದ ಹೋಗುತ್ತದೆ. ಅಲ್ಲಿ ಬರೆಯಬೇಕಾದ್ದು ಪ್ಯಾಕ್ ಆದ ಮೇಲಿನ ತೂಕ.

ಹಪ್ಪಳದ್ದು ಬೇರೆಯೇ ಸಮಸ್ಯೆ. ತೂಕ ಕಡಿಮೆ, ಜಾಗ ಜಾಸ್ತಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ತೂಕ ಮತ್ತು ನಿಜವಾದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಕೊರಿಯರ್ ಹಣ ಹಿಡಿಯುತ್ತದೆ. 30, 25, 15 ಸೆಂ.ಮೀ. ಪೆಟ್ಟಿಗೆ 2.25 ಕೆ.ಜಿ. ಆಗುತ್ತದೆ, ಒಳಗಿರುವುದು ಒಂದೇ ಕೆ.ಜಿ. ಹಪ್ಪಳ ಆದರೂ. ಅದಕ್ಕೇ ಐಟಂಗೆ ಅಳತೆಯನ್ನೂ ತುಂಬಬೇಕು, ಕೊರಿಯರ್ ಜೋಡಣೆ ಆ ಅಳತೆಯನ್ನು ನಿಜವಾಗಿ ಕಳಿಸುತ್ತದೆಯೇ ಎಂದೂ ನೋಡಬೇಕು. ಅಂಗಡಿಗೆ ಎರಡೋ ಮೂರೋ ಅಳತೆಯ ಪೆಟ್ಟಿಗೆಗಳನ್ನು ಮಾತ್ರ ಇಟ್ಟುಕೊಂಡರೆ ಈ ಲೆಕ್ಕ ಸುಲಭ.

ತೂಕಕ್ಕೆ ತಕ್ಕ ಶುಲ್ಕ ಹಾಕುವ ಸೌಲಭ್ಯ ಶಾಪಿಫೈಯಲ್ಲಿ ಒಳಗೇ ಇದೆ. ವೂಕಾಮರ್ಸ್‌ನಲ್ಲಿ ಇಲ್ಲ. ಅಲ್ಲಿ ನಿಗದಿತ ದರ, ಉಚಿತ ಸಾಗಣೆ, ಖುದ್ದಾಗಿ ಒಯ್ಯುವುದು, ಈ ಮೂರೇ ಹುಟ್ಟಿನಿಂದ ಬರುವುದು. ತೂಕದ ಹಂತಗಳು ಬೇಕೆಂದರೆ ಪ್ಲಗಿನ್ ಹಾಕಬೇಕು, ಇಲ್ಲವೇ ‘ಬಾಟಲಿ’, ‘ಹಪ್ಪಳ’ ಎಂಬ ಶಿಪ್ಪಿಂಗ್ ವರ್ಗಗಳನ್ನು ಮಾಡಿ ಒಂದೊಂದಕ್ಕೆ ದರ ಕೊಡಬೇಕು. 45 ಐಟಂಗೆ ಎರಡನೆಯ ದಾರಿಯೇ ಸಾಕು.

ವಲಯಗಳನ್ನು ಮೇಲಿಂದ ಕೆಳಗೆ ಓದಿ, ಮೊದಲು ಹೊಂದಿದ ವಲಯವನ್ನು ವೂಕಾಮರ್ಸ್ ಹಿಡಿದುಕೊಳ್ಳುತ್ತದೆ. ‘ಭಾರತ’ ಮೇಲಿದ್ದು ‘ಕರ್ನಾಟಕ’ ಕೆಳಗಿದ್ದರೆ ಕರ್ನಾಟಕದ ಅಗ್ಗದ ದರ ಯಾರಿಗೂ ಸಿಗುವುದಿಲ್ಲ. ಸಣ್ಣ ಪ್ರದೇಶ ಮೇಲೆ, ದೊಡ್ಡದು ಕೆಳಗೆ. ಪಿನ್‌ಕೋಡ್ ಮೇಲೆ ವಲಯ ಮಾಡುವುದಾದರೆ ಕರ್ನಾಟಕದ ಪಿನ್‌ಗಳು 56ರಿಂದ 59ರವರೆಗಿನ ಅಂಕೆಗಳಿಂದ ಶುರುವಾಗುತ್ತವೆ.

ಕ್ಯಾಶ್ ಆನ್ ಡೆಲಿವರಿ ಕೊಡಬೇಕೇ ಎಂಬುದಕ್ಕೆ ನನ್ನ ಉತ್ತರ: ಕೊಡಿ, ಆದರೆ ಕರ್ನಾಟಕದೊಳಗೆ ಮಾತ್ರ. ಪೊಟ್ಟಣ ವಾಪಸ್ ಬಂದರೆ ಹೋಗುವ ಖರ್ಚೂ ನಿಮ್ಮದು, ಬರುವ ಖರ್ಚೂ ನಿಮ್ಮದು, ಗಾಜಿನ ಬಾಟಲಿ ಒಡೆದಿದ್ದರೆ ಅದೂ ಸೇರಿತು. ವೂಕಾಮರ್ಸ್‌ನ ಕ್ಯಾಶ್ ಆನ್ ಡೆಲಿವರಿ ಸೆಟ್ಟಿಂಗ್‌ನಲ್ಲಿ ‘ಯಾವ ಸಾಗಣೆ ವಿಧಾನಕ್ಕೆ ಲಭ್ಯ’ ಎಂಬ ಪೆಟ್ಟಿಗೆ ಇದೆ, ಅಲ್ಲಿ ಕರ್ನಾಟಕ ವಲಯದ ವಿಧಾನವನ್ನು ಮಾತ್ರ ಆರಿಸಿ. ಖಾಸಗಿ ಕೊರಿಯರ್ ತಲುಪದ ಹಳ್ಳಿಗಳಿಗೆ ಸ್ಪೀಡ್ ಪೋಸ್ಟ್ ತಲುಪುತ್ತದೆ, ಅದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಳ್ಳಲೇಬೇಕು. ಚೆಕೌಟ್‌ನಲ್ಲಿ ಫೋನ್ ಸಂಖ್ಯೆ ಕಡ್ಡಾಯ ಆಗಿದೆಯೇ ನೋಡಿ. ವಿಳಾಸದ ಎರಡನೆಯ ಸಾಲಿನ ಹೆಸರನ್ನು ‘ಅಂಚೆ, ತಾಲ್ಲೂಕು, ಗುರುತು’ ಎಂದು ಬದಲಿಸಿ. ಹಳ್ಳಿಯ ಪೊಟ್ಟಣ ದಾರಿ ಕಂಡುಕೊಳ್ಳುವುದು ಆ ಸಾಲಿನಿಂದಲೇ.

ಹೊರದೇಶದ ಕನ್ನಡಿಗರಿಂದ ಬೇಡಿಕೆ ಬಂದೇ ಬರುತ್ತದೆ. ರಫ್ತಿಗೆ ಐಇಸಿ (ಆಮದು-ರಫ್ತುದಾರರ ಗುರುತು) ಸಂಖ್ಯೆ, ವಿದೇಶಿ ಕಾರ್ಡ್‌ಗೆ ಗೇಟ್‌ವೇಯ ಬೇರೆ ಅನುಮತಿ, ಆ ದೇಶದ ಆಹಾರ ನಿಯಮ, ಇಷ್ಟೆಲ್ಲ ಇದೆ. ಮೊದಲ ವರ್ಷ ಅದನ್ನು ಸಾಫ್ಟ್‌ವೇರ್ ಆಯ್ಕೆಯ ಲೆಕ್ಕಕ್ಕೇ ತರಬೇಡಿ.

ಹಣ ಬಂದಿದೆ, ಆರ್ಡರ್ ಬಂದಿಲ್ಲ

ಗ್ರಾಹಕರು ಯುಪಿಐ ಆ್ಯಪ್‌ಗೆ ಹೋಗಿ ಹಣ ಕಟ್ಟುತ್ತಾರೆ. ‘ಯಶಸ್ವಿ’ ಎಂದು ಹಸಿರು ಗುರುತು ಕಂಡಿತು, ಬ್ರೌಸರ್‌ಗೆ ಹಿಂದಿರುಗದೆ ಫೋನ್ ಬದಿಗಿಟ್ಟರು. ಅಂಗಡಿಗೆ ಸುದ್ದಿ ತಲುಪಲೇ ಇಲ್ಲ. ಇದನ್ನು ತಡೆಯುವುದು ವೆಬ್‌ಹುಕ್: ಬ್ರೌಸರ್ ಮೂಲಕವಲ್ಲದೆ ಗೇಟ್‌ವೇಯ ಸರ್ವರ್ ನೇರವಾಗಿ ನಿಮ್ಮ ಸರ್ವರ್‌ಗೆ ಹೇಳುವ ವ್ಯವಸ್ಥೆ. ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಲ್ಲಿ ವೆಬ್‌ಹುಕ್ ವಿಳಾಸ ಮತ್ತು ರಹಸ್ಯ ಪದ ಎರಡೂ ತುಂಬಿವೆಯೇ ನೋಡಿ. ಭದ್ರತಾ ಪ್ಲಗಿನ್ ಅಥವಾ ಹೋಸ್ಟಿಂಗ್‌ನ ಫೈರ್‌ವಾಲ್ ಆ ವಿಳಾಸಕ್ಕೆ ಬರುವ ಸಂದೇಶವನ್ನು ತಡೆಯುತ್ತಿರುವುದೂ ಉಂಟು. ಆಗ ವೆಬ್‌ಹುಕ್ ದಾಖಲೆಯಲ್ಲಿ 403 (ಪ್ರವೇಶವಿಲ್ಲ) ಎಂದು ಸಾಲುಸಾಲಾಗಿ ಕಾಣುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಡಕಿದೆ. ಹಣ ಬಾರದ ಆರ್ಡರ್‌ಗೆ ಸ್ಟಾಕ್ ಹಿಡಿದಿಡುವ ಅವಧಿ ವೂಕಾಮರ್ಸ್‌ನಲ್ಲಿ 60 ನಿಮಿಷ ಎಂದು ಇರುತ್ತದೆ. ಅದು ಮುಗಿದರೆ ಆರ್ಡರ್ ತಾನಾಗಿ ರದ್ದು. ವೆಬ್‌ಹುಕ್ ಕೆಟ್ಟಿದ್ದರೆ ಹಣ ನಿಮ್ಮ ಖಾತೆಯಲ್ಲಿ, ಆರ್ಡರ್ ರದ್ದಾದ ಪಟ್ಟಿಯಲ್ಲಿ. ಗೇಟ್‌ವೇಯಲ್ಲಿ ‘ಆಟೊ ಕ್ಯಾಪ್ಚರ್’ (ಅಧಿಕೃತಗೊಂಡ ಹಣವನ್ನು ತಾನಾಗಿ ಪಡೆದುಕೊಳ್ಳುವ ಸೆಟ್ಟಿಂಗ್) ಹಾಕಿರದಿದ್ದರೆ ಇನ್ನೂ ಕಷ್ಟ. ಅಧಿಕೃತಗೊಂಡು ಕ್ಯಾಪ್ಚರ್ ಆಗದ ಹಣ ಕೆಲವು ದಿನಗಳಲ್ಲಿ ಗ್ರಾಹಕರಿಗೇ ವಾಪಸ್ ಹೋಗುತ್ತದೆ, ಅಷ್ಟರಲ್ಲಿ ನೀವು ಸರಕು ಕಳಿಸಿರುತ್ತೀರಿ.

ವೂಕಾಮರ್ಸ್ 8.3ರಿಂದ, ಅಂದರೆ 2023ರ ನವೆಂಬರ್‌ನಿಂದ, ಹೊಸ ಅಂಗಡಿಗಳಿಗೆ ಬ್ಲಾಕ್ ಮಾದರಿಯ ಚೆಕೌಟ್ ಬರುತ್ತದೆ. ಗೇಟ್‌ವೇ ಪ್ಲಗಿನ್ ಅದಕ್ಕೆ ಹೊಂದದಿದ್ದರೆ ಹಣ ಕಟ್ಟುವ ಆಯ್ಕೆಯೇ ಕಾಣುವುದಿಲ್ಲ. ಪ್ಲಗಿನ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಹಾಕಿ ತೆಗೆಯುವ ಮುಂಚೆ ಚೆಕೌಟ್ ಪುಟವನ್ನು ಹಳೆಯ ಶಾರ್ಟ್‌ಕೋಡ್ ಮಾದರಿಗೆ ಬದಲಿಸಿ ನೋಡಿ.

ಪುಟಗಳ ನಕಲು ಇಟ್ಟುಕೊಂಡು ಬೇಗ ತೋರಿಸುವ ‘ಕ್ಯಾಶಿಂಗ್’ ಪ್ಲಗಿನ್ ಹಾಕಿದ್ದರೆ ಕಾರ್ಟ್, ಚೆಕೌಟ್, ನನ್ನ ಖಾತೆ, ಈ ಮೂರು ಪುಟಗಳನ್ನು ಅದರಿಂದ ಹೊರಗಿಡಲೇಬೇಕು. ಇಲ್ಲದಿದ್ದರೆ ಒಬ್ಬರ ಬುಟ್ಟಿ, ಕೆಲವೊಮ್ಮೆ ಒಬ್ಬರ ವಿಳಾಸ, ಇನ್ನೊಬ್ಬರಿಗೆ ಕಾಣುತ್ತದೆ. ಬಾಡಿಗೆ ಅಂಗಡಿಯಲ್ಲಿ ಈ ಚಿಂತೆ ಇಲ್ಲ, ಅವರ ಬಾಡಿಗೆಗೆ ಬೆಲೆ ಬರುವುದು ಇಂಥ ಕಡೆಯೇ.

ಕನ್ನಡ

ನಮ್ಮ ಗ್ರಾಹಕರು ಕನ್ನಡದವರು, ಅಂಗಡಿ ಕನ್ನಡದಲ್ಲೇ ಇರಲಿ ಎಂಬುದು ನನ್ನ ಆಸೆ. ಅದಕ್ಕೆ ಅಡ್ಡ ಬರುವುದು ನಾಲ್ಕು ಜಾಗಗಳಲ್ಲಿ.

ಮೊದಲನೆಯದು ಪುಟದ ವಿಳಾಸ. ವರ್ಡ್‌ಪ್ರೆಸ್ ಐಟಂನ ಹೆಸರಿನಿಂದಲೇ ವಿಳಾಸ ಮಾಡುತ್ತದೆ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ವಿಳಾಸದಲ್ಲಿ 9 ಅಕ್ಷರಗಳ ಸಂಕೇತವಾಗುತ್ತದೆ, ಮಿತಿ ಇರುವುದು 200 ಅಕ್ಷರ. ಅಂದರೆ 22 ಚಿಹ್ನೆಗಳಿಗೆ ವಿಳಾಸ ಮುಗಿಯಿತು, ಕಾಗುಣಿತದ ಗುರುತು ಮತ್ತು ಒತ್ತಿನ ಗುರುತು ಕೂಡ ಒಂದೊಂದು ಚಿಹ್ನೆ ಎಂದೇ ಲೆಕ್ಕ. ‘ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಹೆಸರಿಟ್ಟರೆ ವಿಳಾಸ ‘ಉಪ್ಪಿ’ ಎನ್ನುವಲ್ಲಿಗೆ ಕತ್ತರಿಸಿ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಂಡು ಜನ ಅನುಮಾನಿಸುತ್ತಾರೆ. ಹೆಸರು ಕನ್ನಡದಲ್ಲೇ ಇರಲಿ, ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಕೈಯಾರೆ ಬರೆಯಿರಿ, ಅದೂ ಪ್ರಕಟಿಸುವ ಮುಂಚೆ.

ಎರಡನೆಯದು ಬಿಲ್ಲಿನ ಪಿಡಿಎಫ್. ವೂಕಾಮರ್ಸ್‌ನ ಹಲವು ಇನ್‌ವಾಯ್ಸ್ ಪ್ಲಗಿನ್‌ಗಳು ಡಾಂಪಿಡಿಎಫ್ ಎಂಬ ಎಂಜಿನ್ ಬಳಸುತ್ತವೆ. ಅದಕ್ಕೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಫಾಂಟ್ ಹಾಕಿದರೂ ‘ಉಪ್ಪಿನಕಾಯಿ’ಯ ‘ಪ್ಪ’ ಬಿಡಿಬಿಡಿಯಾಗಿ ಬರುತ್ತದೆ. ಎಂಪಿಡಿಎಫ್ ಎಂಬ ಎಂಜಿನ್‌ಗೆ ಅದು ಬರುತ್ತದೆ. ಪ್ಲಗಿನ್ ಆರಿಸುವಾಗ ಒಳಗಿರುವುದು ಯಾವುದು ಎಂದು ಕೇಳಿ. ಅದು ಆಗದಿದ್ದರೆ ಬಿಲ್ಲನ್ನು ಪಿಡಿಎಫ್ ಮಾಡದೆ ವೆಬ್ ಪುಟವಾಗಿ ತೋರಿಸಿ ಬ್ರೌಸರ್‌ನಿಂದಲೇ ಮುದ್ರಿಸಿ, ಅಕ್ಷರ ಸರಿಯಾಗಿ ಬರುತ್ತದೆ.

ಮೂರನೆಯದು ಹುಡುಕಾಟ. ಅರ್ಧ ಜನ ‘ಹಪ್ಪಳ’ ಎಂದು ಕನ್ನಡದಲ್ಲಿ, ಉಳಿದರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ. ಒಳಗಿನ ಹುಡುಕಾಟಕ್ಕೆ ಇವೆರಡೂ ಒಂದೇ ಎಂದು ತಿಳಿಯದು. ಚಿಕ್ಕ ವಿವರಣೆಯಲ್ಲಿ ಇಂಗ್ಲಿಷ್ ಕಾಗುಣಿತವನ್ನೂ ಸೇರಿಸಿಬಿಡಿ. ನುಡಿ, ಬರಹದಂಥ ತಂತ್ರಾಂಶದಿಂದ ಹಳೆಯ ಪಟ್ಟಿಯನ್ನು ನಕಲಿಸಿದ್ದರೆ ಪಠ್ಯ ನಿಜವಾಗಿ ಯುನಿಕೋಡ್ ಆಗಿದೆಯೇ ನೋಡಿ, ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಉಳಿದಿದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ.

ನಾಲ್ಕನೆಯದು ಎಕ್ಸೆಲ್. 45 ಐಟಂ ಬೆಲೆಯನ್ನು ಒಟ್ಟಿಗೆ ತಿದ್ದಲು ಸಿಎಸ್‌ವಿ ಕಡತ ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ತೆರೆದು, ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಅದನ್ನೇ ಅಂಗಡಿಗೆ ಏರಿಸಿದರೆ ಎಲ್ಲ ಹೆಸರೂ ಹೋಯಿತು. ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲೇ ಉಳಿಸಿ, ಇಲ್ಲವೇ ಗೂಗಲ್ ಶೀಟ್ ಬಳಸಿ. ಮೊದಲು ಒಂದೇ ಐಟಂ ಏರಿಸಿ ನೋಡಿ.

ಹೋಸ್ಟಿಂಗ್, ಬ್ಯಾಕಪ್

ವೂಕಾಮರ್ಸ್‌ಗೆ ಪಿಎಚ್‌ಪಿ (ಅದನ್ನು ಬರೆದಿರುವ ಪ್ರೋಗ್ರಾಂ ಭಾಷೆ) ಮೆಮೊರಿ 256 ಎಂಬಿ ಇರಲಿ. ಅಗ್ಗದ ಹಂಚಿಕೆ ಹೋಸ್ಟಿಂಗ್‌ನಲ್ಲಿ ಒಂದೇ ಹೊತ್ತಿಗೆ ಎಷ್ಟು ಪ್ರಕ್ರಿಯೆ ನಡೆಯಬಹುದು ಎಂಬುದಕ್ಕೆ ಮಿತಿ ಇರುತ್ತದೆ. ಹಬ್ಬದ ಮುನ್ನಾದಿನ 508 ಎಂಬ ದೋಷ ಕಂಡರೆ ಆ ಮಿತಿ ಮುಟ್ಟಿದೆ ಎಂದರ್ಥ. ಸರ್ವರ್ ಮುಂಬೈ ಅಥವಾ ಬೆಂಗಳೂರಿನಲ್ಲಿರಲಿ. ಫೋನಿನ 5 ಎಂಬಿ ಫೋಟೊವನ್ನು ಹಾಗೆಯೇ ಏರಿಸಬೇಡಿ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ (ಹಗುರವಾದ ಚಿತ್ರ ಮಾದರಿ) ಮಾಡಿ, 150 ಕೆಬಿ ಒಳಗೆ ತನ್ನಿ. ಒಂದು ಚಿತ್ರ ಏರಿಸಿದರೆ ವರ್ಡ್‌ಪ್ರೆಸ್ ಅದರ ಹಲವು ಅಳತೆಗಳ ನಕಲು ಮಾಡುತ್ತದೆ, ಜಾಗ ತುಂಬುವುದು ಆ ನಕಲುಗಳಿಂದ.

ವರ್ಡ್‌ಪ್ರೆಸ್‌ನ ನಿಗದಿತ ಕೆಲಸಗಳು ಯಾರಾದರೂ ಪುಟ ತೆರೆದಾಗ ಮಾತ್ರ ಓಡುತ್ತವೆ. ಜನ ಕಡಿಮೆ ಬರುವ ಅಂಗಡಿಯಲ್ಲಿ ರಿಯಾಯಿತಿ ಹೊತ್ತಿಗೆ ಶುರುವಾಗದೆ ಇರುವುದು ಇದರಿಂದ. ಹೋಸ್ಟಿಂಗ್‌ನ ನಿಜವಾದ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಐದು ನಿಮಿಷಕ್ಕೊಮ್ಮೆ ಓಡಿಸಿ. ಆರ್ಡರ್ ಇಮೇಲ್‌ಗಳನ್ನು ಹೋಸ್ಟಿಂಗ್‌ನಿಂದ ನೇರವಾಗಿ ಕಳಿಸಬೇಡಿ, ಎಸ್‌ಎಂಟಿಪಿ (ಇಮೇಲ್ ಕಳಿಸಿಕೊಡುವ) ಸೇವೆಯ ಮೂಲಕ ಕಳಿಸಿ, ಡೊಮೇನ್‌ಗೆ (ಅಂಗಡಿಯ ವೆಬ್ ಹೆಸರು) ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆ ಹಾಕಿ, ಇಮೇಲ್ ನಿಜವಾಗಿ ನಿಮ್ಮದೇ ಎಂದು ತೋರಿಸುವುದು ಅವು. 2024ರ ಫೆಬ್ರುವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ.

ಬ್ಯಾಕಪ್ ದಿನವೂ ಬೇಕು, ಬೇರೆ ಜಾಗದಲ್ಲಿರಬೇಕು. ಆದರೆ ವಾಪಸ್ ಹಾಕುವಾಗ ಒಂದು ಎಚ್ಚರ: ನಿನ್ನೆಯ ಬ್ಯಾಕಪ್ ಹಾಕಿದರೆ ಇವತ್ತಿನ ಆರ್ಡರ್‌ಗಳು ಅಳಿಸಿಹೋಗುತ್ತವೆ. ಮೊದಲು ಇವತ್ತಿನ ಆರ್ಡರ್‌ಗಳನ್ನು ಕಡತವಾಗಿ ಇಳಿಸಿಕೊಳ್ಳಿ. ಅಪ್‌ಡೇಟ್ ಹಾಳುಮಾಡಿದ್ದು ಒಂದು ಪ್ಲಗಿನ್ ಆಗಿದ್ದರೆ ಆ ಪ್ಲಗಿನ್‌ನ ಹಳೆಯ ಆವೃತ್ತಿಯನ್ನಷ್ಟೇ ಹಾಕಿ, ಡೇಟಾಬೇಸ್ ಮುಟ್ಟಬೇಡಿ. ಹಣ ಕೊಟ್ಟು ಕೊಳ್ಳಬೇಕಾದ ಥೀಮ್ ಅಥವಾ ಪ್ಲಗಿನ್ ಎಲ್ಲೋ ಪುಕ್ಕಟೆ ಸಿಕ್ಕಿತು ಎಂದು ಹಾಕಲೇಬೇಡಿ, ಚೆಕೌಟ್‌ನಲ್ಲಿ ಗ್ರಾಹಕರ ವಿವರ ಕದಿಯುವ ಕೋಡ್ ಒಳಬರುವ ದಾರಿ ಅದು.

ಉಳಿದ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಪನ್‌ಕಾರ್ಟ್ ಹಗುರ, ಸಣ್ಣ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಆದರೆ 3ನೇ ಆವೃತ್ತಿಯ ಎಕ್ಸ್‌ಟೆನ್ಶನ್ 4ರಲ್ಲಿ ನಡೆಯುವುದಿಲ್ಲ, ನಿಮ್ಮ ಗೇಟ್‌ವೇ ಯಾವ ಆವೃತ್ತಿಗಿದೆ ಎಂದು ನೋಡಿಯೇ ಇಳಿಯಬೇಕು. ಮಜೆಂಟೊಗೆ 2.4ರಿಂದ ಹುಡುಕಾಟಕ್ಕೇ ಬೇರೆ ಎಂಜಿನ್ ಓಡಿಸಬೇಕು, 45 ಐಟಂ ಅಂಗಡಿಗೆ ಅದು ಬೇಡವೇ ಬೇಡ. ಸೇಲಿಯರ್, ಮೆಡೂಸಾ ಡೆವಲಪರ್ ಜೊತೆಗಿರುವವರಿಗೆ. ಬಿಲ್ಲಿಗೆ ಈಗಾಗಲೇ ಜೋಹೊ ಬುಕ್ಸ್ ಬಳಸುತ್ತಿದ್ದರೆ ಜೋಹೊ ಕಾಮರ್ಸ್ ನೋಡಬಹುದು, ಎರಡೂ ಒಂದಕ್ಕೊಂದು ಹೊಂದುತ್ತವೆ.

ಯಾವುದನ್ನೇ ಆರಿಸಿದರೂ ಡೊಮೇನ್, ಹೋಸ್ಟಿಂಗ್, ಗೇಟ್‌ವೇ ಈ ಮೂರೂ ಅಂಗಡಿಯ ಯಜಮಾನರ ಹೆಸರು, ಅವರ ಇಮೇಲ್, ಅವರ ಫೋನ್ ಮೇಲೆಯೇ ಇರಬೇಕು. ಕಟ್ಟಿಕೊಡುವವರಿಗೆ ಬೇರೆ ಲಾಗಿನ್ ಕೊಡಿ. ಹೊರಹೋಗುವ ದಾರಿಯನ್ನೂ ಮೊದಲ ದಿನವೇ ನೋಡಿಕೊಳ್ಳಿ: ಐಟಂ, ಗ್ರಾಹಕರು, ಆರ್ಡರ್, ಮೂರನ್ನೂ ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆಯೇ? ಶಾಪಿಫೈಯಲ್ಲಿ ಬರುತ್ತದೆ, ಪಾಸ್‌ವರ್ಡ್ ಮತ್ತು ಥೀಮ್ ಮಾತ್ರ ಜೊತೆಗೆ ಬರುವುದಿಲ್ಲ. ಪುಟಗಳ ವಿಳಾಸದ ಮಾದರಿಯೂ ಬದಲಾಗುವುದರಿಂದ ಹಳೆಯದರಿಂದ ಹೊಸದಕ್ಕೆ 301 ತಿರುವು ಹಾಕಬೇಕು. ಆರ್ಡರ್ ಇಳಿಸಿಕೊಳ್ಳಲು ಬಿಡದ ಸೇವೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಗೇಟ್‌ವೇಯವರು ಖಾತೆ ಒಪ್ಪುವ ಮುಂಚೆ ಸಂಪರ್ಕ, ಗೋಪ್ಯತೆ, ನಿಯಮಗಳು, ಹಣ ಮರುಪಾವತಿ, ಸಾಗಣೆ, ಈ ಪುಟಗಳನ್ನು ಹುಡುಕುತ್ತಾರೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಹಾಕಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಪ್ಯಾಕ್ ಮಾಡಿದ ವಸ್ತುವಿನ ಪುಟದಲ್ಲಿ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ ಬೇಕು. ಆಹಾರವಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ಸಂಖ್ಯೆಯೂ ಇರಲಿ. ಇವಕ್ಕೆಲ್ಲ ಐಟಂ ಪುಟದಲ್ಲಿ ಬೇರೆ ಜಾಗ ಮಾಡಿಕೊಳ್ಳಿ.

ನಿರ್ಧರಿಸುವ ಮುಂಚೆ ಎರಡು ಸಾಫ್ಟ್‌ವೇರ್‌ಗಳನ್ನು ಒಂದು ವಾರ ಪಕ್ಕಪಕ್ಕ ಇಟ್ಟು ಪರೀಕ್ಷಿಸಿ. ಸುಲಭದ ಐಟಂ ಹಾಕಬೇಡಿ, ತೊಡಕಿನ ಐದನ್ನು ಹಾಕಿ: ಮೂರು ಅಳತೆಯಲ್ಲಿ ಬರುವ ಬಾಟಲಿ, ತೆರಿಗೆ ಇಲ್ಲದ ಹಪ್ಪಳ, ಸ್ಟಾಕ್ ಒಂದೇ ಉಳಿದ ಜೇನು, ಉದ್ದ ಹೆಸರಿನದು, ಮೂರು ಕೆ.ಜಿ.ಯ ಬೆಲ್ಲ. ಶಿವಮೊಗ್ಗ ಮತ್ತು ಪುಣೆಯ ವಿಳಾಸಗಳಿಗೆ ಒಂದೊಂದು ಆರ್ಡರ್ ಹಾಕಿ ಬಿಲ್ಲುಗಳನ್ನು ಹೋಲಿಸಿ. ಯುಪಿಐಯಲ್ಲಿ ಹಣ ಕಟ್ಟಿ ತಕ್ಷಣ ಬ್ರೌಸರ್ ಮುಚ್ಚಿ, ಆರ್ಡರ್ ‘ಪ್ರೊಸೆಸಿಂಗ್’ಗೆ ಬಂತೇ ನೋಡಿ. ಒಂದೇ ಉಳಿದ ಜೇನನ್ನು ಎರಡು ಫೋನಿನಿಂದ ಒಟ್ಟಿಗೆ ಕೊಳ್ಳಿ. ಇನ್‌ಸ್ಟಾಗ್ರಾಂನ ಲಿಂಕ್ ಒತ್ತಿ ಅದರೊಳಗಿನ ಬ್ರೌಸರ್‌ನಲ್ಲೇ ಹಣ ಕಟ್ಟಲು ಪ್ರಯತ್ನಿಸಿ, ಕೆಲವೊಮ್ಮೆ ಯುಪಿಐ ಆ್ಯಪ್ ಅಲ್ಲಿಂದ ತೆರೆದುಕೊಳ್ಳುವುದಿಲ್ಲ. ಎರಡು ಬಾಟಲಿಯ ಆರ್ಡರ್‌ನಲ್ಲಿ ಒಂದಕ್ಕೆ ಮಾತ್ರ ಹಣ ವಾಪಸ್ ಮಾಡಿ, ತೆರಿಗೆಯೂ ಅದಕ್ಕೆ ತಕ್ಕಂತೆ ಇಳಿಯಿತೇ ಪರಿಶೀಲಿಸಿ. ಕೊನೆಗೆ ಪೊಟ್ಟಣಕ್ಕೆ ಅಂಟಿಸುವ ಚೀಟಿ ಮುದ್ರಿಸಿ, ಫೋನ್ ಸಂಖ್ಯೆ ಮತ್ತು ಪಿನ್‌ಕೋಡ್ ಕನ್ನಡಕವಿಲ್ಲದೆ ಓದಲು ಬರುತ್ತದೆಯೇ ನೋಡಿ.